ಬಿಟ್ಟುಹೋದ ಐವತ್ತೆಂಟು ವರ್ಷ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ, ಇಳಿವಯಸ್ಸಿನಲ್ಲಿ ಹೆಸರು ಮಾಡಿದವರನ್ನು ಕುರಿತ ಲೇಖನವೊಂದು ಪ್ರಕಟವಾಗಿದೆ. ಅದರಲ್ಲಿ ಬ್ರಿಟಿಷ್ ನಟಿ ಪೆಗ್ಗಿ ಆ್ಯಶ್‌ಕ್ರಾಫ್ಟ್ ಅವರಿಗೆ ಒಂದು ಪ್ಯಾರಾ ಸಂದಿದೆ. ಎಪ್ಪತ್ತು ದಾಟುವವರೆಗೆ ಯಾರಿಗೂ ಗೊತ್ತಿಲ್ಲದೆ ಇದ್ದ ಹೆಂಗಸೊಬ್ಬರಿಗೆ ಅದೃಷ್ಟ ಖುಲಾಯಿಸಿ, 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದಲ್ಲಿ ಅವಕಾಶ ಸಿಕ್ಕಿ, ಎಪ್ಪತ್ತೇಳರ ವಯಸ್ಸಿನಲ್ಲಿ ಆಸ್ಕರ್ ಬಂತು ಎಂಬುದು ಆ ಪ್ಯಾರಾದ ಸಾರಾಂಶ. ವಯಸ್ಸು ಸರಿ, ಚಿತ್ರ ಸರಿ, ಪ್ರಶಸ್ತಿಯೂ ಸರಿ. ಉಳಿದದ್ದೆಲ್ಲ ತಪ್ಪು. ತಿಳಿದೂ ಸುಮ್ಮನಿರುವುದು ನನ್ನಿಂದ ಆಗದ ಕಾರಣ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ ಎಂಬುದು ನನಗೂ ಗೊತ್ತಿದೆ. ತಪ್ಪು ಒಂದೇ ಸಾಲಿನದಾದರೂ ಅದು ನುಂಗಿಹಾಕಿದ್ದು ಐವತ್ತೆಂಟು ವರ್ಷಗಳ ದುಡಿಮೆಯನ್ನು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಆ್ಯಶ್‌ಕ್ರಾಫ್ಟ್ ಹುಟ್ಟಿದ್ದು 1907ರ ಡಿಸೆಂಬರ್ 22ರಂದು, ಲಂಡನ್ನಿಗೆ ಹತ್ತಿರದ ಕ್ರಾಯ್ಡನ್‌ನಲ್ಲಿ. ತಂದೆ ಮೊದಲನೇ ಮಹಾಯುದ್ಧದಲ್ಲಿ ತೀರಿಕೊಂಡರು. ಲಂಡನ್ನಿನ ಸೆಂಟ್ರಲ್ ಸ್ಕೂಲ್‌ನಲ್ಲಿ ಎಲ್ಸಿ ಫೋಗರ್ಟಿ ಅವರ ಬಳಿ ಮಾತು ಮತ್ತು ಅಭಿನಯ ಕಲಿತರು. ಮುಂದೆ ಜಗತ್ಪ್ರಸಿದ್ಧರಾದ ಲಾರೆನ್ಸ್ ಒಲಿವಿಯರ್ ಅಲ್ಲಿ ಅವರ ಸಹಪಾಠಿ. 1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿ ಥಿಯೇಟರ್‌ನಲ್ಲಿ ನಟ ರಾಲ್ಫ್ ರಿಚರ್ಡ್‌ಸನ್ ಜೊತೆ ಬಣ್ಣ ಹಚ್ಚಿ ಮೊದಲ ಸಲ ವೃತ್ತಿರಂಗಭೂಮಿಯನ್ನು ಹತ್ತಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಲೇಖಕರು ಹೇಳುವ ಆ ಚಿತ್ರ ತೆರೆಕಂಡದ್ದು 1984ರಲ್ಲಿ. ನಡುವಿನ ಈ ಐವತ್ತೆಂಟು ವರ್ಷ ಆಕೆ ಮನೆಯಲ್ಲಿ ಕೂತು ಅದೃಷ್ಟದ ದಾರಿ ಕಾಯುತ್ತಿರಲಿಲ್ಲ.

1930ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೆ, ಆಕೆ ಲಂಡನ್ನಿನ ಸವಾಯ್ ಥಿಯೇಟರ್‌ನಲ್ಲಿ 'ಒಥೆಲೊ' ನಾಟಕದ ಡೆಸ್ಡಿಮೋನಾ ಆದರು. ಒಥೆಲೊ ಪಾತ್ರ ವಹಿಸಿದವರು ಅಮೆರಿಕದ ಕಪ್ಪುವರ್ಣೀಯ ಗಾಯಕ, ನಟ ಪಾಲ್ ರೋಬ್ಸನ್. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಒಥೆಲೊ ಆಗುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಕಪ್ಪುವರ್ಣೀಯ ನಟ ಬಿಳಿಯ ಹುಡುಗಿಯ ಗಂಡನಾಗಿ ರಂಗದ ಮೇಲೆ ಅವಳನ್ನು ಅಪ್ಪಿ ಮುತ್ತಿಡುವುದು ಹಲವರಿಗೆ ಸಹಿಸಲಾಗದ ಸಂಗತಿಯಾಗಿತ್ತು. ಇನ್ನೂ ಹೆಸರು ಗಟ್ಟಿಯಾಗದ ನಟಿಯೊಬ್ಬಳು ಆ ಪಾತ್ರಕ್ಕೆ ಒಪ್ಪಿದ್ದರಲ್ಲಿಯೇ ಆಕೆಯ ಸ್ವಭಾವ ತಿಳಿಯುತ್ತದೆ.

ಮುಂದೆ 1932 ಮತ್ತು 33ರಲ್ಲಿ ಓಲ್ಡ್ ವಿಕ್ ಥಿಯೇಟರ್ ಸೇರಿದರು. ಲಿಲಿಯನ್ ಬೇಲಿಸ್ ಎಂಬ ಮಹಿಳೆ ಬಡವರೂ ಕೊಳ್ಳಬಹುದಾದ ಟಿಕೆಟ್ ದರವಿಟ್ಟು ಶೇಕ್ಸ್‌ಪಿಯರ್ ನಾಟಕಗಳನ್ನು ಆಡಿಸುತ್ತಿದ್ದ ಥಿಯೇಟರ್ ಅದು. ಅಲ್ಲಿ ಒಂದು ನಾಟಕ ಕೆಲವೇ ವಾರ. ರಾತ್ರಿ ಒಂದು ನಾಟಕದ ಪಾರ್ಟು ಮಾಡುತ್ತ ಹಗಲು ಮುಂದಿನದರ ತಾಲೀಮು ನಡೆಸಬೇಕು. ಇಮೊಜೆನ್, ರೋಸಲಿಂಡ್, ಪೋರ್ಷಿಯಾ, ಪರ್ಡಿಟಾ, ಮಿರಾಂಡಾ, ಹೀಗೆ ಹೆಣ್ಣುಪಾತ್ರಗಳ ಸಾಲನ್ನೇ ಒಂದು ಸೀಸನ್ನಿನಲ್ಲಿ ಹೊತ್ತರು. ನಮ್ಮ ವೃತ್ತಿ ನಾಟಕ ಕಂಪನಿಗಳ ಕ್ಯಾಂಪಿನ ದಿನಚರಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1935ರಲ್ಲಿ ನ್ಯೂ ಥಿಯೇಟರ್‌ನಲ್ಲಿ ಆಡಿದ 'ರೋಮಿಯೊ ಅಂಡ್ ಜೂಲಿಯೆಟ್' ಇನ್ನೊಂದು ದೊಡ್ಡ ಘಟನೆ. ನಟರಾದ ಜಾನ್ ಗೀಲ್ಗುಡ್ ಮತ್ತು ಒಲಿವಿಯರ್ ರೋಮಿಯೊ ಮತ್ತು ಅವನ ಗೆಳೆಯ ಮರ್ಕ್ಯುಶಿಯೊ ಪಾತ್ರಗಳನ್ನು ಕೆಲವು ವಾರಗಳ ನಂತರ ಪರಸ್ಪರ ಅದಲುಬದಲು ಮಾಡಿಕೊಂಡರು. ಗೀಲ್ಗುಡ್ ಪದ್ಯವನ್ನು ಸಂಗೀತದಂತೆ ನುಡಿಯುವವರು, ಒಲಿವಿಯರ್ ಅದನ್ನು ದಿನಬಳಕೆಯ ಮಾತಿನಂತೆ ಒಡೆದು ಹೇಳುವವರು. ಈ ಎರಡು ಬಗೆಯ ರೋಮಿಯೊಗಳಿಗೂ ಒಬ್ಬಳೇ ಜೂಲಿಯೆಟ್. ಎದುರಿನವನ ಧಾಟಿ ಬದಲಾದರೂ ತನ್ನ ಪಾತ್ರ ಕದಲದಂತೆ ನಿಲ್ಲಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಎದುರುಪಾತ್ರ ಮಾಡಿದವರಿಗೆ ಮಾತ್ರ ಗೊತ್ತು. ಆ ನಾಟಕ ತಿಂಗಳುಗಟ್ಟಲೆ ನಡೆಯಿತು.

ಅದೇ 1935ರಲ್ಲಿ ಆಕೆ ಸಿನಿಮಾದಲ್ಲಿಯೂ ಇದ್ದರು ಎಂಬುದನ್ನು ಲೇಖಕರ ಗಮನಕ್ಕೆ ತರಬಯಸುತ್ತೇನೆ. ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ 'ದಿ 39 ಸ್ಟೆಪ್ಸ್' ಚಿತ್ರದಲ್ಲಿ ಸ್ಕಾಟ್ಲೆಂಡಿನ ಒಬ್ಬ ಸಂಶಯಪಿಶಾಚಿ ರೈತನ ಎಳೆಯ ಹೆಂಡತಿಯ ಪಾತ್ರ. ಪರದೆಯ ಮೇಲೆ ಕೆಲವೇ ನಿಮಿಷ. ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿರುವ ನಾಯಕನಿಗೆ ಅವಳು ಗಂಡನ ಕೋಟನ್ನು ಕೊಟ್ಟು ಕಳಿಸುತ್ತಾಳೆ. ಮುಂದೆ ಗುಂಡು ಹಾರಿದಾಗ ಆ ಕೋಟಿನ ಜೇಬಿನಲ್ಲಿದ್ದ ಸ್ತೋತ್ರ ಪುಸ್ತಕವೇ ಅವನ ಜೀವ ಉಳಿಸುತ್ತದೆ. ಕೋಟು ಕೊಡುವ ಕ್ಷಣದಲ್ಲಿ ಆ ಹುಡುಗಿಯ ಕಣ್ಣಲ್ಲಿ, ಇವನೊಡನೆ ತಾನೂ ಹೊರಟುಬಿಡಬಾರದೇಕೆ ಎಂಬ ಆಸೆ ಮೂಡಿ ಮರೆಯಾಗುವುದನ್ನು ನೋಡಿದವರು ಮರೆಯಲಾರರು. ಆದರೂ ಆಕೆ ಸಿನಿಮಾದ ದಾರಿ ಹಿಡಿಯಲಿಲ್ಲ. ಮುಂದಿನ ಹಲವು ದಶಕಗಳಲ್ಲಿ 'ದಿ ನನ್ಸ್ ಸ್ಟೋರಿ'ಯಂಥ ಬೆರಳೆಣಿಕೆಯ ಚಿತ್ರಗಳಲ್ಲಿ ಕಾಣಿಸಿಕೊಂಡರೇ ಹೊರತು, ದುಡಿಮೆಯ ನೆಲವಾಗಿ ಉಳಿದದ್ದು ನಾಟಕವೇ.

1949ರ 'ದಿ ಏರೆಸ್', 1952ರ 'ದಿ ಡೀಪ್ ಬ್ಲೂ ಸೀ', 1954ರ 'ಹೆಡ್ಡಾ ಗ್ಯಾಬ್ಲರ್' ಇವುಗಳ ಹೆಸರನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ. 1956ರಲ್ಲಿ ಬ್ರಿಟನ್ನಿನಲ್ಲಿ ಆಕೆಗೆ, ಗಂಡಸರ 'ಸರ್' ಬಿರುದಿಗೆ ಸಮನಾದ 'ಡೇಮ್' ಬಿರುದು ಬಂತು. 1962ರಲ್ಲಿ ಹುಟ್ಟೂರು ಕ್ರಾಯ್ಡನ್‌ನಲ್ಲಿ ಆಕೆಯ ಹೆಸರಿನ ಆ್ಯಶ್‌ಕ್ರಾಫ್ಟ್ ಥಿಯೇಟರ್ ಬಾಗಿಲು ತೆರೆಯಿತು. ಬದುಕಿದ್ದಾಗಲೇ, ಐವತ್ತನಾಲ್ಕರ ವಯಸ್ಸಿನಲ್ಲಿ, ತನ್ನ ಊರು ತನ್ನ ಹೆಸರಿನ ರಂಗಮಂದಿರ ಕಟ್ಟಿದ ನಟಿಯನ್ನು 'ಎಪ್ಪತ್ತು ದಾಟುವವರೆಗೆ ಯಾರಿಗೂ ಗೊತ್ತಿಲ್ಲದ ಹೆಂಗಸು' ಎಂದು ಬರೆದದ್ದನ್ನು ಓದಿದಾಗ ನನಗೆ ಎಷ್ಟು ನೋವಾಗಿರಬಹುದು ಎಂಬುದನ್ನು ತಾವೇ ಊಹಿಸಬಹುದು.

ನನ್ನ ಪ್ರಕಾರ ಆಕೆಯ ವೃತ್ತಿಯ ಶಿಖರ ಆಸ್ಕರ್ ಅಲ್ಲವೇ ಅಲ್ಲ. ಅದು 1963ರಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಆಡಿದ 'ದಿ ವಾರ್ಸ್ ಆಫ್ ದಿ ರೋಸಸ್'. ನಿರ್ದೇಶಕ ಪೀಟರ್ ಹಾಲ್ ಆ ಕಂಪನಿಯನ್ನು ಕಟ್ಟಲು ಹೊರಟಾಗ ಬೆನ್ನಿಗೆ ನಿಂತು, ಅದರ ಸ್ಥಾಪಕ ಸದಸ್ಯೆಯಾದವರು ಆ್ಯಶ್‌ಕ್ರಾಫ್ಟ್. ಶೇಕ್ಸ್‌ಪಿಯರನ 'ಆರನೇ ಹೆನ್ರಿ'ಯ ಮೂರು ಭಾಗಗಳು ಮತ್ತು 'ಮೂರನೇ ರಿಚರ್ಡ್', ಈ ನಾಲ್ಕನ್ನು ಜಾನ್ ಬಾರ್ಟನ್ ಮೂರು ನಾಟಕಗಳಾಗಿ ಹೊಂದಿಸಿಕೊಟ್ಟರು. ಅದರಲ್ಲಿ ಆಕೆಯದು ರಾಣಿ ಮಾರ್ಗರೆಟ್. ಮೊದಲ ನಾಟಕದಲ್ಲಿ ಫ್ರಾನ್ಸಿನಿಂದ ಮದುವೆಯಾಗಿ ಬರುವ ಎಳೆಯ ರಾಜಕುಮಾರಿ, ಆಮೇಲೆ ಕತ್ತಿ ಹಿಡಿದು ಸೈನ್ಯ ನಡೆಸುವ ರಾಣಿ, ಕೊನೆಯಲ್ಲಿ ಗಂಡನನ್ನೂ ಮಗನನ್ನೂ ಕಳೆದುಕೊಂಡು ಅರಮನೆಯ ಮೂಲೆಯಲ್ಲಿ ನಿಂತು ಶಾಪ ಹಾಕುವ ಮುದುಕಿ. ಪಾತ್ರದ ವಯಸ್ಸು ಹದಿಹರೆಯದಿಂದ ಎಪ್ಪತ್ತರವರೆಗೆ, ಪಾತ್ರಧಾರಿಯ ವಯಸ್ಸು ಐವತ್ತೈದು. ಕೆಲವು ದಿನ ಮೂರೂ ನಾಟಕಗಳನ್ನು ಬೆಳಗಿನಿಂದ ರಾತ್ರಿಯವರೆಗೆ ಒಂದೇ ದಿನ ಆಡಿದ್ದೂ ಉಂಟು. 1965ರಲ್ಲಿ ಬಿಬಿಸಿ ಅದನ್ನು ಚಿತ್ರೀಕರಿಸಿ ಪ್ರಸಾರ ಮಾಡಿದ್ದರಿಂದ ಇಂದಿಗೂ ನೋಡಲು ಸಿಗುತ್ತದೆ. ನಾನು ನೋಡಿದ್ದು ಹಾಗೆಯೇ. ಸೆರೆಸಿಕ್ಕ ಯಾರ್ಕ್ ದೊರೆಯ ತಲೆಗೆ ಮಾರ್ಗರೆಟ್ ಕಾಗದದ ಕಿರೀಟ ಇಡುತ್ತಾಳೆ. ಅವನ ಎಳೆಯ ಮಗನ ರಕ್ತದಲ್ಲಿ ಅದ್ದಿದ ವಸ್ತ್ರವನ್ನು ಕಣ್ಣೀರು ಒರೆಸಿಕೊಳ್ಳಲು ಅವನಿಗೇ ಕೊಡುತ್ತಾಳೆ. ದುಶ್ಶಾಸನನ ನೆತ್ತರಿನಲ್ಲಿ ಮುಡಿ ಕಟ್ಟುವ ದ್ರೌಪದಿಯ ಶಪಥವನ್ನು ಊರ ನಾಟಕದಲ್ಲಿ ವರ್ಷವರ್ಷವೂ ಕೇಳಿ ಬೆಳೆದ ನಮಗೆ ಈ ದೃಶ್ಯ ಪರದೇಶದ್ದೆಂದು ಅನ್ನಿಸುವುದೇ ಇಲ್ಲ. ದ್ರೌಪದಿಗೆ ನ್ಯಾಯ ಅವಳ ಕಡೆಗಿತ್ತು, ಮಾರ್ಗರೆಟ್‌ಗೆ ಇಲ್ಲ. ಆ ವ್ಯತ್ಯಾಸ ಆ್ಯಶ್‌ಕ್ರಾಫ್ಟ್ ಮುಖದಲ್ಲಿ ಕಾಣುತ್ತದೆ. ಗೆಲುವಿನ ಅಮಲಿನ ಒಳಗೇ ಏನೋ ಒಂದು ಮುರಿದುಬೀಳುತ್ತಿರುವುದು ತಿಳಿಯುತ್ತದೆ.

ಇಷ್ಟೆಲ್ಲ ನಾನು ತಿಳಿದದ್ದು ಹೇಗೆ ಎಂಬುದನ್ನೂ ಹೇಳಬೇಕು. ಇದಕ್ಕೆ ಕಾರಣ ನನ್ನ ಸೋದರತ್ತೆ.

ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಹದಿನಾಲ್ಕನೇ ವಯಸ್ಸಿಗೆ ನಾಟಕ ಕಂಪನಿ ಸೇರಿದವರು ಅತ್ತೆ. ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಸ್ತ್ರೀಪಾತ್ರಕ್ಕೆ ಹೋಗತೊಡಗಿದರು. ನಮ್ಮ ಜಿಲ್ಲೆಯ ವ್ಯವಸ್ಥೆ ಗೊತ್ತಿಲ್ಲದವರಿಗಾಗಿ ಒಂದು ಮಾತು. ಇಲ್ಲಿ ಊರಿನ ಗಂಡಸರು ತಾವೇ ದುಡ್ಡು ಹಾಕಿ ಕೃಷ್ಣ, ದುರ್ಯೋಧನ, ಭೀಮನ ಪಾರ್ಟು ಹಿಡಿಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಹೊತ್ತು ತಾಲೀಮು ಮಾಡಿಸುತ್ತಾರೆ. ತುಮಕೂರಿನಿಂದ ಡ್ರಾಮಾ ಸೀನರಿ ಬಾಡಿಗೆಗೆ ಬರುತ್ತದೆ. ದ್ರೌಪದಿ, ಕುಂತಿ, ಉತ್ತರೆ, ರುಕ್ಮಿಣಿಯರಿಗೆ ಮಾತ್ರ ನಾಟಕದ ರಾತ್ರಿಗೆ ನಟಿಯರನ್ನು ಕರೆಸುತ್ತಾರೆ. ತಾಲೀಮಿಲ್ಲದೆ, ಎದುರು ನಿಂತ ಭೀಮನ ಮುಖವನ್ನೇ ಅಂದು ಮೊದಲ ಸಲ ನೋಡುತ್ತ, ಬೆಳಗಿನ ಜಾವದವರೆಗೆ ನಾಟಕವನ್ನು ಎತ್ತಿ ನಿಲ್ಲಿಸಬೇಕಾದವರು ಅವರು. ಭೀಮ ಮಾತು ಮರೆತರೆ ಅವನ ಮಾತನ್ನೂ ತಮ್ಮ ಮಾತಿನೊಳಗೆ ಸೇರಿಸಿ ಹೇಳಿ ದಾಟಿಸಬೇಕು. ಅತ್ತೆ ಇದನ್ನು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿದರು. ಒಂದೇ ರಾತ್ರಿ ಮೊದಲು ಉತ್ತರೆಯಾಗಿ, ಆಮೇಲೆ ಕುಂತಿಯಾಗಿ ಬಂದದ್ದೂ ಇದೆ.

1980ರ ದಶಕದ ಕೊನೆಯಲ್ಲಿ ನಮ್ಮ ಪಕ್ಕದ ಮನೆಯವರು ಒಂದು ರಾತ್ರಿ ವಿಸಿಪಿ ಎಂಬ ವಿಡಿಯೊ ಯಂತ್ರ ಮತ್ತು ಕ್ಯಾಸೆಟ್ಟುಗಳನ್ನು ಬಾಡಿಗೆಗೆ ತಂದಿದ್ದರು. ಮೂರು ಕನ್ನಡ ಚಿತ್ರಗಳ ಜೊತೆಗೆ, ನಮ್ಮ ಸಾವನದುರ್ಗದಲ್ಲಿ ಶೂಟಿಂಗ್ ಆದದ್ದು ಎಂಬ ಕುತೂಹಲಕ್ಕೆ, ಡೇವಿಡ್ ಲೀನ್ ನಿರ್ದೇಶನದ 'ಎ ಪ್ಯಾಸೇಜ್ ಟು ಇಂಡಿಯಾ' ಎಂಬ ಈ ಇಂಗ್ಲಿಷ್ ಚಿತ್ರವೂ ಇತ್ತು. ಕುಣಿಗಲ್ ಕಡೆಯಿಂದ ಮಾಗಡಿಗೆ ಹೋಗುವವರಿಗೆಲ್ಲ ಪರಿಚಿತವಾದ ಆ ಬಂಡೆ ಚಿತ್ರದಲ್ಲಿ ಬಿಹಾರದ ಕಡೆಯ ಗುಹೆಗಳ ಬೆಟ್ಟವಾಗಿ ನಿಂತಿದೆ. ಬೆಂಗಳೂರಿನಲ್ಲಿಯೂ ಸೆಟ್ಟು ಹಾಕಿದ್ದರು. ನಾನಾಗ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ, ಅತ್ತೆಗೆ ಮಾತು ಬಿಡಿಸಿ ಹೇಳುತ್ತ ಕೂತಿದ್ದೆ. ರಾತ್ರಿ ಮಸೀದಿಯಲ್ಲಿ ಡಾಕ್ಟರ್ ಅಜೀಜ್ ಒಬ್ಬನೇ ಕೂತಿರುವಾಗ ಕಂಬದ ಮರೆಯಿಂದ ಮಿಸೆಸ್ ಮೂರ್, ಅಂದರೆ ಆ್ಯಶ್‌ಕ್ರಾಫ್ಟ್ ಮಾಡಿದ ಪಾತ್ರ, ಬರುತ್ತಾಳೆ. ಚಪ್ಪಲಿ ಬಿಟ್ಟು ಬರಬೇಕೆಂದು ಅವನು ಗದರಿದರೆ, ಆಗಲೇ ಬಿಟ್ಟು ಬಂದಿದ್ದೇನೆ ಎನ್ನುತ್ತಾಳೆ. ಅಷ್ಟು ಹೊತ್ತು ತೂಕಡಿಸುತ್ತಿದ್ದ ಅತ್ತೆ ಎದ್ದು ನೆಟ್ಟಗೆ ಕೂತರು. ಮುಂದೆ ಗುಹೆಯ ದೃಶ್ಯ. ಒಳಗಿನ ಪ್ರತಿಧ್ವನಿಗೂ ಜನರ ನೂಕಾಟಕ್ಕೂ ಉಸಿರುಗಟ್ಟಿ ಆಕೆ ಹೊರಗೆ ಬರುತ್ತಾಳೆ, ಕುರ್ಚಿಯಲ್ಲಿ ಕುಸಿದು ಕೂರುತ್ತಾಳೆ. ಹೆಚ್ಚು ಮಾತಿಲ್ಲ, ಅಳುವಿಲ್ಲ. ಆದರೆ ಇಷ್ಟು ವರ್ಷ ನಂಬಿಕೊಂಡು ಬಂದ ಏನೋ ಒಂದು ಒಳಗೆ ಆರಿಹೋಯಿತು ಎಂಬುದು ನೋಡುವವರಿಗೆ ತಿಳಿಯುತ್ತದೆ. ಅತ್ತೆ ನನ್ನ ಮೊಣಕೈ ಹಿಡಿದು, "ಇವ್ಳು ನಾಟಕದೋಳು ಕಣೆ" ಅಂದರು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಉಸ್ರು ನೋಡು. ಸಿನ್ಮಾದೋರು ಮುಖ್ದಲ್ಲಿ ಉಸ್ರಾಡ್ತಾರೆ. ಇವ್ಳು ಹೊಟ್ಟೇಲಿ ತಗೊಂಡು, ಕೊನೇ ಸಾಲ್ನೋನ್ಗೂ ಕೇಳೋ ಹಂಗೆ ಬಿಡ್ತಾವ್ಳೆ, ಬಾಯೇ ಬಿಟ್ಟಿಲ್ಲ" ಎಂದರು.

ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆ ನಟಿಯ ಹೆಸರೂ ಗೊತ್ತಿರಲಿಲ್ಲ. ಅವರು ಹೇಳಿದ್ದು ನಿಜವೇ ಎಂದು ತಿಳಿಯಲು ನಾನು ಪುಸ್ತಕಗಳನ್ನು ಹುಡುಕತೊಡಗಿದೆ. ಅಂದು ಶುರುವಾದದ್ದು ಇಂದಿನವರೆಗೂ ನಿಂತಿಲ್ಲ. ಬಹಳ ವರ್ಷಗಳ ನಂತರ ಒಂದು ಸಂಗತಿ ಓದಿ ಅತ್ತೆಯ ಮಾತು ಎಷ್ಟು ಆಳದ್ದು ಎಂದು ಅರಿವಾಯಿತು. 1970ರ ದಶಕದ ನಡುವಿನಲ್ಲಿ ಆ್ಯಶ್‌ಕ್ರಾಫ್ಟ್ ನ್ಯಾಷನಲ್ ಥಿಯೇಟರ್‌ಗಾಗಿ ಸ್ಯಾಮ್ಯುಯೆಲ್ ಬೆಕೆಟ್‌ನ 'ಹ್ಯಾಪಿ ಡೇಸ್' ನಾಟಕದ ವಿನ್ನಿ ಪಾತ್ರ ಮಾಡಿದ್ದರು. ಆ ಪಾತ್ರಧಾರಿ ಮೊದಲ ಅಂಕದಲ್ಲಿ ಸೊಂಟದವರೆಗೆ, ಎರಡನೇ ಅಂಕದಲ್ಲಿ ಕುತ್ತಿಗೆಯವರೆಗೆ ಮಣ್ಣಿನ ದಿಬ್ಬದಲ್ಲಿ ಹೂತಿರಬೇಕು. ನಡೆಯುವಂತಿಲ್ಲ, ಏಳುವಂತಿಲ್ಲ, ಕೊನೆಗೆ ಕೈ ಎತ್ತುವಂತೆಯೂ ಇಲ್ಲ. ಕಣ್ಣು, ಧ್ವನಿ, ಉಸಿರು ಇಷ್ಟರಲ್ಲೇ ಇಡೀ ನಾಟಕ. ಅರವತ್ತೇಳರ ಆಸುಪಾಸಿನಲ್ಲಿ ಆ ಶಿಸ್ತನ್ನು ರಾತ್ರಿಯ ಮೇಲೆ ರಾತ್ರಿ ಪಾಲಿಸಿದ ನಟಿಗೆ, ಎಪ್ಪತ್ತಾರರಲ್ಲಿ ಸಾವನದುರ್ಗದ ಬಿಸಿಲಿನಲ್ಲಿ ಕುರ್ಚಿಯೊಂದರಲ್ಲಿ ಕೂತು, ಒಂದು ಜೀವ ಒಳಗೊಳಗೇ ಕುಸಿಯುವುದನ್ನು ತೋರಿಸುವುದು ಸಾಧ್ಯವಾಯಿತು. ಆ ಕುರ್ಚಿಯ ಹಿಂದೆ ಬರ್ಮಿಂಗ್‌ಹ್ಯಾಮ್ ಇದೆ, ಓಲ್ಡ್ ವಿಕ್ ಇದೆ, ಮಾರ್ಗರೆಟ್ ಇದ್ದಾಳೆ, ವಿನ್ನಿ ಇದ್ದಾಳೆ. ಲೇಖನದ 'ಅದೃಷ್ಟ' ಎಂಬ ಪದವನ್ನು ನಾನು ಒಪ್ಪಲಾಗದಿರುವುದು ಇದಕ್ಕಾಗಿ.

ಆ ಚಿತ್ರದಲ್ಲಿ ನನಗೆ ಸಮಾಧಾನವಿಲ್ಲದ ಸಂಗತಿಯೂ ಇದೆ. ಅಲೆಕ್ ಗಿನ್ನೆಸ್‌ರಂಥ ದೊಡ್ಡ ಇಂಗ್ಲಿಷ್ ನಟ ಮೈಗೆ ಕಂದುಬಣ್ಣ ಬಳಿದುಕೊಂಡು ಪ್ರೊಫೆಸರ್ ಗೋಡ್ಬೋಲೆ ಆಗಿರುವುದನ್ನು ಭಾರತೀಯಳಾದ ನಾನು ಇಷ್ಟಪಡಲಾರೆ. ಅದಕ್ಕೆ ಐವತ್ತು ವರ್ಷ ಮೊದಲೇ ಆ್ಯಶ್‌ಕ್ರಾಫ್ಟ್ ನಿಜವಾದ ಕಪ್ಪುವರ್ಣೀಯ ನಟನ ಎದುರು ಡೆಸ್ಡಿಮೋನಾ ಆಗಿದ್ದರು ಎಂಬುದು ಆಗೆಲ್ಲ ನೆನಪಾಗುತ್ತದೆ. ಹನ್ನೊಂದು ಆಸ್ಕರ್ ನಾಮನಿರ್ದೇಶನಗಳನ್ನು ಪಡೆದ ಆ ಚಿತ್ರಕ್ಕೆ ಬಂದ ಪ್ರಶಸ್ತಿಗಳು ಎರಡು. ಒಂದು ಮಾರಿಸ್ ಜಾರ್ ಅವರ ಸಂಗೀತಕ್ಕೆ, ಇನ್ನೊಂದು ಪೋಷಕ ನಟಿಯಾಗಿ ಆ್ಯಶ್‌ಕ್ರಾಫ್ಟ್ ಅವರಿಗೆ. 1985ರ ಮಾರ್ಚ್‌ನಲ್ಲಿ ನಡೆದ ಆ ಸಮಾರಂಭದಲ್ಲಿ ಆಕೆ ಇರಲಿಲ್ಲ, ಆಕೆಯ ಪರವಾಗಿ ನಟಿ ಆಂಜೆಲಾ ಲ್ಯಾನ್ಸ್‌ಬರಿ ಪ್ರಶಸ್ತಿ ಸ್ವೀಕರಿಸಿದರು. 1984ರ ಆರಂಭದಲ್ಲಿಯೇ ಬ್ರಿಟನ್ನಿನ ಟಿ.ವಿ.ಯಲ್ಲಿ ಹದಿನಾಲ್ಕು ಕಂತುಗಳ 'ದಿ ಜುವೆಲ್ ಇನ್ ದಿ ಕ್ರೌನ್' ಪ್ರಸಾರವಾಗಿ, ಅದರಲ್ಲಿನ ಬಾರ್ಬಿ ಬ್ಯಾಚಲರ್ ಎಂಬ ನಿವೃತ್ತ ಮಿಷನರಿ ಶಿಕ್ಷಕಿಯ ಪಾತ್ರ ಮನೆಮಾತಾಗಿತ್ತು. ಭಾರತದಲ್ಲಿ ನೆಲೆ ಕಳೆದುಕೊಂಡ ಇಬ್ಬರು ಇಂಗ್ಲಿಷ್ ಮುದುಕಿಯರನ್ನು ಒಂದೇ ವರ್ಷ ಜನ ಕಂಡರು. ಇಬ್ಬರೂ ಬೇರೆಬೇರೆ ಮನುಷ್ಯರಾಗಿಯೇ ಉಳಿದರು.

ಇನ್ನು ನಮ್ಮ ವಿಷಯ. ಅತ್ತೆ ತೀರಿಕೊಂಡಾಗ ಪತ್ರಿಕೆಯೊಂದರಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಶೀರ್ಷಿಕೆಯಲ್ಲಿ 'ಚಲನಚಿತ್ರ ನಟಿ ನಿಧನ' ಎಂದಿತ್ತು. ಯಾವುದೋ ಒಂದು ಚಿತ್ರದಲ್ಲಿ ಅತ್ತೆ ಬಾವಿಕಟ್ಟೆಯ ಬಳಿ ಬಿಂದಿಗೆ ಹಿಡಿದು ನಿಂತು ಒಂದು ಮಾತಾಡಿದ್ದರು. ಆ ಚಿತ್ರದ ಹೆಸರು ಸುದ್ದಿಯಲ್ಲಿತ್ತು, ದ್ರೌಪದಿಯ ಹೆಸರು ಇರಲಿಲ್ಲ. ಪತ್ರಿಕೆಯವರು ಫೋನು ಮಾಡಿದಾಗ ನಾನೇ ಕಂಪನಿಯ ವರ್ಷಗಳನ್ನೂ ಪಾತ್ರಗಳನ್ನೂ ಬಿಡಿಸಿ ಹೇಳಿದ್ದೆ. ಸಿನಿಮಾ ಏನಾದರೂ ಇದೆಯೇ ಎಂದು ಕೇಳಿದರು, ಇದೆ ಎಂದೆ, ಅಷ್ಟನ್ನೇ ಬರೆದುಕೊಂಡರು. ಕಳೆದ ಭಾನುವಾರದ ಲೇಖನ ಓದಿದಾಗ ಆ ನಾಲ್ಕು ಸಾಲು ನೆನಪಾಯಿತು. ಎಲ್ಲಿಯ ಕ್ರಾಯ್ಡನ್, ಎಲ್ಲಿಯ ಗುಬ್ಬಿ ತಾಲ್ಲೂಕು! ಅತ್ತೆಯನ್ನು ಜಗದ್ವಿಖ್ಯಾತ ನಟಿಯ ಪಕ್ಕದಲ್ಲಿ ಕೂರಿಸಲು ನಾನು ಹೊರಟಿಲ್ಲ. ಆದರೆ ಇಬ್ಬರಿಗೂ ಆದ ಅನ್ಯಾಯ ಒಂದೇ ಬಗೆಯದು. ಕ್ಯಾಮೆರಾ ಕಂಡದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಉಳಿದ ಆಯುಷ್ಯವನ್ನು ಖಾಲಿ ಎಂದು ಬರೆಯುವುದು ಅದು.

ಈ ತಪ್ಪು ಬೇರೆಲ್ಲೂ ಆಗಬಹುದು, ನಮ್ಮ ಜಿಲ್ಲೆಯಲ್ಲಿ ಆಗಬಾರದು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಕರ್ನಾಟಕದ ಮನೆಮಾತಾಯಿತು. ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನು ರಂಗಕ್ಕೆ ತಂದದ್ದನ್ನು ನಮ್ಮ ಅಜ್ಜಂದಿರು ಕೊನೆಯವರೆಗೂ ಹೇಳುತ್ತಿದ್ದರು. 1954ರಲ್ಲಿ 'ಬೇಡರ ಕಣ್ಣಪ್ಪ' ಬಂದಾಗ ಪರದೆಯ ಮೇಲೆ ಕಂಡ ರಾಜಕುಮಾರ್ ಆಗಲಿ, ತಿಪಟೂರಿನ ನರಸಿಂಹರಾಜು ಆಗಲಿ ಅಂದು ಹುಟ್ಟಿದ ನಟರಲ್ಲ. ವರ್ಷಗಟ್ಟಲೆ ಕಂಪನಿಯ ಅನ್ನ ಉಂಡು, ಪರದೆ ಎಳೆದು, ಸಿಕ್ಕ ಪಾರ್ಟು ಮಾಡಿ ಬಂದವರು. ನೊಣವಿನಕೆರೆಯ ಉಮಾಶ್ರೀ ಅವರಿಗೆ 'ಗುಲಾಬಿ ಟಾಕೀಸ್' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತೆಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಎಷ್ಟೋ ವರ್ಷ ಮೊದಲೇ ರಂಗದ ಮೇಲೆ 'ಒಡಲಾಳ'ದ ಸಾಕವ್ವನಾಗಿ ಅವರನ್ನು ಕಂಡವರಿಗೆ ಆ ಪ್ರಶಸ್ತಿ ಆಶ್ಚರ್ಯ ತಂದಿರಲಾರದು. ಸಿನಿಮಾದ ಬಗ್ಗೆ ನನಗೆ ದ್ವೇಷವಿಲ್ಲ. ಅತ್ತೆಯ ಕಣ್ಣಿಗೆ ಆ್ಯಶ್‌ಕ್ರಾಫ್ಟ್ ಬಿದ್ದದ್ದೇ ಸಿನಿಮಾದಿಂದ. ನಾಟಕ ಪರದೆ ಬಿದ್ದೊಡನೆ ಮುಗಿದುಹೋಗುವ ಕಲೆ, ಸಿನಿಮಾ ಉಳಿಯುವ ಕಲೆ. ಉಳಿದದ್ದನ್ನು ನೋಡಿ ಬರೆಯುವುದು ಸುಲಭ, ಮುಗಿದುಹೋದದ್ದನ್ನು ಕೇಳಿ ತಿಳಿದು ಬರೆಯಬೇಕಾಗುತ್ತದೆ. ಪತ್ರಿಕೆಯಿಂದ ನಾನು ನಿರೀಕ್ಷಿಸುವುದು ಆ ಕೇಳಿ ತಿಳಿಯುವ ಕೆಲಸವನ್ನೇ.

ಆ್ಯಶ್‌ಕ್ರಾಫ್ಟ್ ವಿಷಯದಲ್ಲಾದರೆ ಕೇಳುವುದಕ್ಕೂ ಕಷ್ಟವಿಲ್ಲ. ಯಾವ ತಿಂಗಳು ಯಾವ ಥಿಯೇಟರ್‌ನಲ್ಲಿ ಯಾವ ಪಾತ್ರ ಎಂಬುದೆಲ್ಲ ಅಲ್ಲಿ ದಾಖಲಾಗಿದೆ. ನಮ್ಮಲ್ಲಿ ಹಾಗಿಲ್ಲ. ಹ್ಯಾಂಡ್‌ಬಿಲ್ಲುಗಳು ಬೆಳಗಾಗುವಷ್ಟರಲ್ಲಿ ಕಡಲೆಕಾಯಿ ಪೊಟ್ಟಣವಾಗುತ್ತಿದ್ದವು. ಅತ್ತೆಯ ಮಟ್ಟಿಗೆ ಉಳಿದದ್ದು ಮೂರು ನೋಟುಬುಕ್ಕು. ಊರು, ಪಾತ್ರ, ಕೈಗೆ ಬಂದ ಹಣ, ಇಷ್ಟನ್ನು ಪ್ರತಿ ನಾಟಕದ ಮರುದಿನ ಬರೆದಿಡುತ್ತಿದ್ದರು. ಒಂದು ಪುಟದಲ್ಲಿ ಹೀಗಿದೆ: "ನಿಟ್ಟೂರು. ದ್ರೌಪದಿ. ವಸ್ತ್ರಾಪಹರಣಕ್ಕೆ ಮೊದಲೇ ಮಳೆ. ನಿಂತಿತು. ಅರ್ಧ ದುಡ್ಡು. ಜನ ಹೋಗಲಿಲ್ಲ, ಗೋಣಿಚೀಲ ಹೊದ್ದು ಕೂತರು, ಒಂದು ಹಾಡು ಹೇಳಿದೆ." ಇಂಥ ನೋಟುಬುಕ್ಕುಗಳು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಎಷ್ಟು ಮನೆಗಳ ಟ್ರಂಕುಗಳಲ್ಲಿವೆಯೋ, ಎಷ್ಟು ಹಳೇ ಪೇಪರಿನವನ ತಕ್ಕಡಿಗೆ ಹೋದವೋ ತಿಳಿಯದು. ತಮ್ಮ ವರದಿಗಾರರು ಹಿರಿಯ ಕಲಾವಿದರ ಮನೆಗೆ ಹೋದಾಗ, ಅವರು ಬದುಕಿದ್ದಾಗಲೇ, ಯಾವ ಕಂಪನಿ, ಯಾವ ವರ್ಷ, ಯಾವ ಪಾತ್ರ ಎಂದು ಕೇಳಿ ಬರೆದುಕೊಳ್ಳಲಿ. ಇದ್ದರೆ ಆ ಪುಸ್ತಕಗಳ ಒಂದು ಫೋಟೊ ತೆಗೆದುಕೊಳ್ಳಲಿ. ಪುರವಣಿಯಲ್ಲಿ ವಾರಕ್ಕೊಬ್ಬರಂತೆ ಅರ್ಧ ಪುಟ ಕೊಟ್ಟರೂ ಒಂದು ವರ್ಷದಲ್ಲಿ ಐವತ್ತು ಜನರ ವೃತ್ತಿಜೀವನ ಅಚ್ಚಾಗುತ್ತದೆ. ಅತ್ತೆಯ ಮೂರೂ ನೋಟುಬುಕ್ಕುಗಳನ್ನು ಪ್ರತಿ ಮಾಡಿಸಿ ಕಚೇರಿಗೆ ತಂದುಕೊಡಲು ನಾನು ಸಿದ್ಧಳಿದ್ದೇನೆ.

ಆ್ಯಶ್‌ಕ್ರಾಫ್ಟ್ ತೀರಿಕೊಂಡದ್ದು 1991ರ ಜೂನ್ 14ರಂದು. ಶೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡ್‌ನ ತೋಟವೊಂದರಲ್ಲಿ ಆಕೆ 1969ರಲ್ಲಿ ತಾವೇ ನೆಟ್ಟಿದ್ದ ಹಿಪ್ಪುನೇರಳೆ ಗಿಡದ ಬುಡದಲ್ಲಿ ಅವರ ಚಿತಾಭಸ್ಮವನ್ನು ಹರಡಿದರಂತೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆಹುಳು ಸಾಕುವ ನಮ್ಮ ಸೀಮೆಯವರಿಗೆ ಆ ಗಿಡದ ಪರಿಚಯ ಬೇರೆ ಮಾಡಿಸಬೇಕಾಗಿಲ್ಲ. ತಿದ್ದುಪಡಿ ಪ್ರಕಟಿಸುವಾಗ ಆಕೆ ಹುಟ್ಟಿದ, ತೀರಿಕೊಂಡ, ಆಸ್ಕರ್ ಪಡೆದ ವರ್ಷಗಳಿಗೆ ಜಾಗ ಸಾಲದೆ ಹೋದರೂ ಅಡ್ಡಿಯಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ಸಲ ಬಣ್ಣ ಹಚ್ಚಿದ 1926 ಎಂಬ ವರ್ಷ ಮಾತ್ರ ಬಿಟ್ಟುಹೋಗದಂತೆ ನೋಡಿಕೊಳ್ಳಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಅಧ್ಯಾಪಕಿ,
ತುಮಕೂರು